ರಾಜ್ಯನೀತಿಯಲ್ಲಿ ದುರಂತದೃಷ್ಟಿ

‘ದುರಂತ’ ಎಂಬ ಮಾತು ಈಚೆಗೆ ಬಹಳ ಅಗ್ಗವಾಗಿದೆ. ಬಸ್ಸು ಹಳ್ಳಕ್ಕೆ ಉರುಳಿದರೆ ದುರಂತ, ಕಟ್ಟಡ ಕುಸಿದರೆ ದುರಂತ, ಕ್ರಿಕೆಟ್ ಪಂದ್ಯ ಕೈತಪ್ಪಿದರೂ ದುರಂತ. ಸಾವುನೋವನ್ನು ನಾನು ಹಗುರ ಮಾಡುತ್ತಿಲ್ಲ. ಬಸ್ಸಿನಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಸಂಕಟ ನಾಟಕದ ಯಾವ ರಾಣಿಯ ಸಂಕಟಕ್ಕೂ ಕಡಮೆಯದಲ್ಲ. ಆದರೂ ಸಾಹಿತ್ಯದ ಪಾಠ ಹೇಳಿ ಜೀವನ ಸಾಗಿಸುವವನಿಗೆ ಈ ಮಾತಿನ ಮೇಲೆ ಒಂದಿಷ್ಟು ಮಮತೆ ಇರುವುದು ಸಹಜ. ಪಾಶ್ಚಾತ್ಯರ ಟ್ರ್ಯಾಜಿಡಿಯನ್ನು ಬಿ.ಎಂ. ಶ್ರೀಕಂಠಯ್ಯನವರು ‘ರುದ್ರನಾಟಕ’ವೆಂದು ಕರೆದರು, ಎಸ್.ವಿ. ರಂಗಣ್ಣನವರು ‘ಗಂಭೀರ ನಾಟಕ’ವೆಂದರು. ಕೊನೆಯಲ್ಲಿ ಹೆಣ ಬೀಳುವುದೇ ಅದರ ಲಕ್ಷಣವಾಗಿದ್ದರೆ ಹೆಸರಿಗಾಗಿ ಇಷ್ಟು ಹುಡುಕಾಟ ಬೇಕಾಗುತ್ತಿರಲಿಲ್ಲ. ಈಸ್ಕಿಲಸನ ‘ಒರೆಸ್ತೀಯ’ ನಾಟಕತ್ರಯ ಸಮಾಧಾನದಲ್ಲಿಯೇ ಮುಗಿಯುತ್ತದೆ. ಅದರ ಕೇಡು ಇರುವುದು ನಡುವೆ. ಕೊಲೆಯಾದ ತಂದೆಗಾಗಿ ಸೇಡು ತೀರಿಸದಿದ್ದರೆ ಮಗ ಧರ್ಮಭ್ರಷ್ಟ. ತೀರಿಸಬೇಕಾದರೆ ಹೆತ್ತ ತಾಯಿಯನ್ನೇ ಕೊಲ್ಲಬೇಕು. ದೇವರೇ ಅಪ್ಪಣೆ ಕೊಟ್ಟು ಮಾಡಿಸಿದ ಕೆಲಸವಾದರೂ, ಮಾಡಿದ ಮೇಲೆ ಉಗ್ರದೇವತೆಗಳು ಅವನ ಬೆನ್ನು ಬಿಡುವುದಿಲ್ಲ.

ಇದಕ್ಕೆ ನಮ್ಮಲ್ಲಿ ಧರ್ಮಸಂಕಟವೆಂಬ ಒಳ್ಳೆಯ ಮಾತೇ ಇದೆ. ಆದರೆ ಧರ್ಮಸಂಕಟವೆಂದಾಗ ನಮ್ಮ ಗಮನವೆಲ್ಲ ಯಾವುದನ್ನು ಆಯ್ದುಕೊಳ್ಳಬೇಕೆಂಬ ಗಳಿಗೆಯ ಮೇಲೆ ನಿಲ್ಲುತ್ತದೆ. ಸರಿಯಾದುದನ್ನೇ ಆಯ್ದುಕೊಂಡ ಮೇಲೂ ತೀರದೆ ಉಳಿಯುವ ಸಾಲ ಒಂದಿರುತ್ತದಷ್ಟೆ? ರುದ್ರನಾಟಕದ ಕಣ್ಣು ಅದರ ಮೇಲೆ.

ರಾಷ್ಟ್ರ ರಾಷ್ಟ್ರಗಳ ನಡುವಣ ವ್ಯವಹಾರವನ್ನು ಕುರಿತು ಬರೆಯುವವರು ಈಗ ಈ ದೃಷ್ಟಿಯನ್ನು ತಮ್ಮ ಶಾಸ್ತ್ರಕ್ಕೆ ತಂದುಕೊಂಡಿದ್ದಾರೆ. 2003ರ ಇರಾಕ್ ಯುದ್ಧವನ್ನು ಬೆಂಬಲಿಸಿ ಆಮೇಲೆ ಪಶ್ಚಾತ್ತಾಪಪಟ್ಟ ಅಮೆರಿಕದ ಲೇಖಕ ರಾಬರ್ಟ್ ಕಪ್ಲಾನ್ 2023ರಲ್ಲಿ ಇದೇ ವಿಷಯವಾಗಿ ಒಂದು ಚಿಕ್ಕ ಪುಸ್ತಕ ಪ್ರಕಟಿಸಿದರು. ಒಳಿತು ಒಳಿತಿಗೇ ಎದುರು ನಿಲ್ಲುವುದು ಟ್ರ್ಯಾಜಿಡಿ. ಅರಾಜಕತೆಯ ಭಯವನ್ನು ಅರಿಯದ ಮುತ್ಸದ್ದಿ ಲೋಕೋದ್ಧಾರಕ್ಕೆಂದು ಹೊರಟು ಲೋಕವನ್ನು ಸುಡುತ್ತಾನೆ ಎಂಬುದು ಅವರ ವಾದದ ತಿರುಳು. ಒಪ್ಪತಕ್ಕ ಮಾತೇ. ಆದರೆ ಅವರ ರಂಗದ ನಡುವೆ ನಿಂತಿರುವವನು ನಿರ್ಧಾರ ಮಾಡುವ ಮುತ್ಸದ್ದಿ. ನರಳುವವನೂ ಮುಖ್ಯವಾಗಿ ಅವನೇ. ಗ್ರೀಕರ ರಂಗಭೂಮಿ ಹೀಗಿರಲಿಲ್ಲ. ಅಲ್ಲಿ ಮೇಳವೆಂಬುದೊಂದಿತ್ತು. ಸೆರೆಸಿಕ್ಕ ಹೆಂಗಸರು, ಮಕ್ಕಳನ್ನು ಯುದ್ಧಕ್ಕೆ ಕಳಿಸಿ ಊರಿನಲ್ಲಿ ಉಳಿದ ಮುದುಕರು, ಸಾಮಾನ್ಯ ನಾವಿಕರು ನಾಟಕ ಮುಗಿಯುವ ತನಕ ಅಲ್ಲಿಯೇ ಇರುತ್ತಿದ್ದರು. ನಾಯಕನ ಅಳಲಿನ ಜೊತೆಗೆ, ಅವನ ನಿರ್ಧಾರಕ್ಕೆ ಬೆಲೆ ತೆರುವವರ ದನಿಯೂ ಪ್ರೇಕ್ಷಕನ ಕಿವಿಗೆ ಬೀಳುತ್ತಿತ್ತು. ರಾಜ್ಯನೀತಿಯ ಈಗಿನ ಬರೆಹಗಳಲ್ಲಿ ನನಗೆ ಕಾಣದಿರುವುದು ಈ ಮೇಳ. ಅದನ್ನು ಬಿಟ್ಟು ದುರಂತದ ಮಾತಾಡಿದರೆ ಬಲಿಷ್ಠರು ತಮಗೆ ತಾವೇ ಮರುಗಿಕೊಂಡಂತೆ ಆದೀತೆಂದು ನನ್ನ ಶಂಕೆ.

ಶ್ರೀಯವರು ಕನ್ನಡಕ್ಕೆ ತಂದ ‘ಪಾರಸಿಕರು’ ನಾಟಕವನ್ನು ವಾಚಕರಲ್ಲಿ ಕೆಲವರಾದರೂ ಓದಿರಬಹುದು. ಕ್ರಿ.ಪೂ. 480ರಲ್ಲಿ ಪಾರಸಿಕರು ಅಥೆನ್ಸ್ ನಗರವನ್ನು ಸುಟ್ಟರು. ಅದೇ ವರ್ಷ ಸಾಲಮಿಸ್ ಬಳಿ ಗ್ರೀಕರು ಅವರ ನೌಕಾಪಡೆಯನ್ನು ಮುರಿದರು. ಎಂಟು ವರ್ಷಗಳಾದ ಮೇಲೆ, 472ರಲ್ಲಿ, ಈಸ್ಕಿಲಸನ ನಾಟಕ ಅಥೆನ್ಸಿನಲ್ಲಿ ನಡೆಯಿತು. ನೋಡಲು ಬಂದವರಲ್ಲಿ ಆ ಯುದ್ಧ ಮಾಡಿದವರು ಇದ್ದೇ ಇದ್ದರು; ಕವಿ ತಾನೂ ಮ್ಯಾರಥಾನಿನಲ್ಲಿ ಪಾರಸಿಕರೊಡನೆ ಕಾದಿದವನು. ಆದರೆ ಅವನು ಕಥೆಯನ್ನಿಟ್ಟದ್ದು ಶತ್ರುವಿನ ರಾಜಧಾನಿ ಸೂಸಾದಲ್ಲಿ. ಮೇಳ ಪಾರಸಿಕ ಮುದುಕರದು. ಅಳುವವಳು ಶತ್ರುರಾಜನ ತಾಯಿ. ಮಡಿದ ಸರದಾರರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾರೆ. ಗೆದ್ದವರು ಕುಳಿತು ಸೋತವರ ಹೆಣಗಳ ಲೆಕ್ಕವನ್ನು ಕೇಳಿದರು. ಕ್ಸರ್ಕ್ಸಸನ ಅಹಂಕಾರವನ್ನು ಕವಿ ಮರೆಮಾಚಿಲ್ಲ; ಗ್ರೀಕರು ಹೋರಾಡಬಾರದಿತ್ತೆಂದೂ ಹೇಳಿಲ್ಲ.

ನಮ್ಮ ರನ್ನನೂ ಮಾಡಿದ್ದು ಇದನ್ನೇ. ಆಶ್ರಯ ಕೊಟ್ಟ ಚಾಳುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ತನ್ನ ಗದಾಯುದ್ಧಕ್ಕೆ ‘ಸಾಹಸಭೀಮವಿಜಯ’ವೆಂದು ಹೆಸರಿಟ್ಟವನು, ಕಾವ್ಯದ ಹೃದಯವನ್ನು ಭೀಮನ ಶತ್ರುವಿನ ಕೈಗೆ ಕೊಟ್ಟುಬಿಟ್ಟ. ದುರ್ಯೋಧನ ಸಂಜಯನ ಜೊತೆಯಲ್ಲಿ ಹೆಣಗಳ ನಡುವೆ ನಡೆಯುತ್ತಾನೆ; ದ್ರೋಣನನ್ನು, ತಮ್ಮನನ್ನು, ಮಗನನ್ನು, ಕರ್ಣನನ್ನು ಕಾಣುತ್ತಾನೆ. ಅಲ್ಲಿ ಅಭಿಮನ್ಯುವೂ ಬಿದ್ದಿದ್ದಾನೆ. ವೈರಿಯ ಮಗನ ಮುಂದೆ ನಿಂತು ಅವನ ಸಾಹಸವನ್ನು ಮನಸಾರೆ ಕೊಂಡಾಡುತ್ತಾನೆ. ಈ ಭಾಗ ಪಾಠ ಮಾಡುವಾಗ ವರ್ಷಕ್ಕೊಬ್ಬ ವಿದ್ಯಾರ್ಥಿಯಾದರೂ ಕೇಳುತ್ತಾನೆ: “ಸಾರ್, ರನ್ನ ಯಾರ ಪಕ್ಷ?” ಭೀಮನ ಪಕ್ಷ, ಅದರಲ್ಲಿ ಸಂದೇಹವಿಲ್ಲ. ಒಂದು ಪಕ್ಷ ಹಿಡಿದೂ ಎದುರು ಪಕ್ಷದ ಹೆಣಗಳನ್ನು ಎಣಿಸಬಹುದೆಂಬುದು ಆ ಹುಡುಗನಿಗೆ ಹೊಸ ವಿಷಯ. ದೊಡ್ಡವರಿಗೂ ಅಷ್ಟೇನೂ ಹಳೆಯದಲ್ಲವೆಂದು ಪತ್ರಿಕೆ ಓದಿದಾಗಲೆಲ್ಲ ಅನ್ನಿಸುತ್ತದೆ.

‘ಪಾರಸಿಕರು’ ನೋಡಿದ ಅಥೆನ್ಸ್ ಅರವತ್ತು ವರ್ಷ ತುಂಬುವುದರೊಳಗೆ ಬೇರೊಂದು ಭಾಷೆಯನ್ನು ಕಲಿಯಿತು. ಕ್ರಿ.ಪೂ. 416ರಲ್ಲಿ ಅದರ ಸೈನ್ಯ ಮೀಲಾಸ್ ಎಂಬ ಚಿಕ್ಕ ದ್ವೀಪವನ್ನು ಮುತ್ತಿತು. ತಟಸ್ಥರಾಗಿರುತ್ತೇವೆ, ಬಿಟ್ಟುಬಿಡಿ ಎಂದು ದ್ವೀಪದವರು ಕೇಳಿಕೊಂಡರು. ನ್ಯಾಯಾನ್ಯಾಯದ ಪ್ರಸ್ತಾಪ ಬೇಡ, ಯಾರ ಶಕ್ತಿ ಎಷ್ಟೆಂಬುದನ್ನು ಮಾತ್ರ ಮಾತಾಡೋಣ ಎಂಬ ಧಾಟಿಯಲ್ಲಿ ಅಥೆನ್ಸಿನ ದೂತರು ಉತ್ತರ ಕೊಟ್ಟದ್ದನ್ನು ಥ್ಯುಸಿಡಿಡೀಸ್ ಬರೆದಿಟ್ಟಿದ್ದಾನೆ. ಊರು ಬಿದ್ದ ಮೇಲೆ ಗಂಡಸರನ್ನು ಕೊಂದರು. ಹೆಂಗಸರನ್ನೂ ಮಕ್ಕಳನ್ನೂ ಗುಲಾಮರಾಗಿ ಮಾರಿದರು. ಮರುವರ್ಷ ಯೂರಿಪಿಡೀಸನು ‘ಟ್ರಾಯ್ ಹೆಂಗಸರು’ ನಾಟಕವನ್ನು ಅದೇ ಜನದ ಮುಂದೆ ಆಡಿಸಿದ. ಎರಡನೆಯ ಬಹುಮಾನ ಬಂತು. ಅದೇ ವರ್ಷ ಅಥೆನ್ಸ್ ಸಿಸಿಲಿಯ ಮೇಲೆ ದಂಡೆತ್ತಿಹೋಗಿ, 413ರಲ್ಲಿ ಆ ದಂಡನ್ನೆಲ್ಲ ಕಳೆದುಕೊಂಡಿತು.

ಆ ದೂತರ ವಾದಕ್ಕೆ ಈಗ ‘ವಾಸ್ತವದೃಷ್ಟಿ’ ಎಂಬ ಗೌರವದ ಹೆಸರಿದೆ. ದುರಂತದೃಷ್ಟಿಗೂ ಇದಕ್ಕೂ ಮೇಲುನೋಟಕ್ಕೆ ಹೋಲಿಕೆ ಇರುವುದರಿಂದಲೇ ಅಪಾಯ. ಕೆಸರು ಮೆಟ್ಟದೆ ರಾಜ್ಯಭಾರವಿಲ್ಲವೆಂದು ಎರಡೂ ಹೇಳುತ್ತವೆ. ವಾಸ್ತವವಾದಿ ಅಷ್ಟು ಹೇಳಿ ಕಾಲು ತೊಳೆದುಕೊಂಡು ಒಳಗೆ ಹೋಗುತ್ತಾನೆ. ವ್ಯಾಸರ ರೀತಿ ಬೇರೆ. ಧರ್ಮರಾಯನ ರಥ ನೆಲದಿಂದ ನಾಲ್ಕಂಗುಲ ಮೇಲೆ ಓಡುತ್ತಿತ್ತಂತೆ. ಅಶ್ವತ್ಥಾಮ ಸತ್ತನೆಂಬ ಅರ್ಧ ಸುಳ್ಳನ್ನು ದ್ರೋಣನಿಗೆ ಹೇಳಿದೊಡನೆ ನೆಲಕ್ಕಿಳಿಯಿತು. ಸುಳ್ಳಿನಿಂದ ಯುದ್ಧಕ್ಕೆ ಪ್ರಯೋಜನವಾಗಲಿಲ್ಲವೆಂದು ಮಹಾಭಾರತ ಹೇಳುವುದಿಲ್ಲ, ಆಯಿತು. ಪ್ರಯೋಜನವಾಯಿತಾದ್ದರಿಂದ ರಥ ಮತ್ತೆ ಮೇಲೇರಿತೆಂದೂ ಹೇಳುವುದಿಲ್ಲ.

ಇಷ್ಟು ಪೀಠಿಕೆ ಸಾಕು. ಹತ್ತಿರದ ಕಾಲಕ್ಕೆ ಬರೋಣ. ಮೊದಲು ನಮ್ಮ ಮನೆಯದನ್ನೇ ನೋಡೋಣ. 1971ರ ಮಾರ್ಚ್ ಕೊನೆಯಲ್ಲಿ ಪೂರ್ವ ಪಾಕಿಸ್ತಾನದಲ್ಲಿ ಸೈನ್ಯದ ಕೊಲೆ ಆರಂಭವಾಯಿತು. ಸುಮಾರು 1 ಕೋಟಿ ಜನ ಗಡಿ ದಾಟಿ ಬಂದರು. ಡಿಸೆಂಬರ್ 3ರಂದು ಯುದ್ಧ ಆರಂಭವಾಗಿ 16ರಂದು ಢಾಕಾದಲ್ಲಿ ಮುಗಿಯಿತು. ಈ ನಡುವೆ ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಮಹಾಸಭೆ ಕದನವಿರಾಮವನ್ನೂ ಸೈನ್ಯದ ವಾಪಸಾತಿಯನ್ನೂ ಕೇಳಿತು: ಪರವಾಗಿ 104 ಮತ, ವಿರೋಧವಾಗಿ 11. ಆ 104ರಲ್ಲಿ ಹೊಸದಾಗಿ ಸ್ವತಂತ್ರವಾದ ಏಷ್ಯ ಆಫ್ರಿಕಗಳ ದೇಶಗಳು ಬಹಳ ಇದ್ದವು. ಕ್ರೌರ್ಯವನ್ನು ತಡೆಯಲೆಂದು ನೆರೆಯವನು ಸೈನ್ಯದೊಡನೆ ಒಳಗೆ ಬರಬಹುದಾದರೆ ನಾಳೆ ತಮ್ಮ ಗಡಿಯ ಗತಿಯೇನೆಂಬ ಅವರ ಭಯವನ್ನು ಬೂಟಾಟಿಕೆ ಎನ್ನಲಾಗದು. ನಮಗೂ ಕರುಣೆಯೊಂದೇ ಕಾರಣವಾಗಿರಲಿಲ್ಲ. ವೈರಿ ಎರಡಾಗುವುದರಲ್ಲಿ ಲಾಭವಿತ್ತು. ನಾವು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆ ಸರಿಯಾದ ಕೆಲಸದ ಬದಿಯಲ್ಲಿ ಬಿಹಾರಿಗಳೆಂದು ಕರೆಸಿಕೊಂಡ ಉರ್ದು ಮಾತಿನ ಜನರಿದ್ದರು. ಅವರಲ್ಲಿ ಅನೇಕರು ಕೊಲೆಯಾದರು. ಉಳಿದವರಲ್ಲಿ ಬಹಳ ಮಂದಿ ಢಾಕಾ ಮೊದಲಾದ ಕಡೆ ಶಿಬಿರಗಳಲ್ಲಿ ಯಾವ ದೇಶದವರೂ ಅಲ್ಲದೆ ದಶಕಗಳನ್ನು ಕಳೆದರು. ಅವರಿಗೆ ಬಾಂಗ್ಲಾದೇಶದ ಪೌರತ್ವವುಂಟೆಂದು ಅಲ್ಲಿನ ನ್ಯಾಯಾಲಯ ತೀರ್ಪು ಕೊಟ್ಟದ್ದು 2008ರಲ್ಲಿ. ನಮ್ಮ ವಿಜಯದ ಕಥೆಯಲ್ಲಿ ಅವರ ಹೆಸರು ಬರುವುದು ಅಪರೂಪ.

1971ರಲ್ಲಿ ಒಳಗೆ ಹೋದದ್ದು ಪ್ರಶ್ನೆಯಾಯಿತು. 1994ರಲ್ಲಿ ಹೋಗದೆ ಇದ್ದುದು ಪ್ರಶ್ನೆಯಾಯಿತು. ಮಧ್ಯ ಆಫ್ರಿಕದ ರುವಾಂಡ ಪುಟ್ಟ ದೇಶ. ನಮ್ಮ ಕರ್ನಾಟಕದ ಏಳರಲ್ಲಿ ಒಂದು ಪಾಲಿನಷ್ಟು. ಆ ವರ್ಷದ ಏಪ್ರಿಲ್ 6ರಂದು ಅದರ ಅಧ್ಯಕ್ಷನ ವಿಮಾನವನ್ನು ಹೊಡೆದುರುಳಿಸಿದರು. ಮುಂದಿನ ಸುಮಾರು 100 ದಿನಗಳಲ್ಲಿ 8 ಲಕ್ಷದಷ್ಟು ಜನರನ್ನು, ಹೆಚ್ಚಾಗಿ ತುತ್ಸಿಗಳನ್ನು, ಜೊತೆಗೆ ಕೊಲೆಯನ್ನು ಒಪ್ಪದ ಹುಟುಗಳನ್ನು, ಬಹುಪಾಲು ಮಚ್ಚಿನಿಂದಲೂ ದೊಣ್ಣೆಯಿಂದಲೂ ಕೊಂದರು. ವಿಶ್ವಸಂಸ್ಥೆಯ 2,500 ಸೈನಿಕರು ಅಲ್ಲಿಯೇ ಇದ್ದರು. ಅವರ ನಾಯಕ, ಕೆನಡದ ಜನರಲ್ ಡಲೇರ್, ಬಚ್ಚಿಟ್ಟ ಆಯುಧಗಳ ಸುದ್ದಿಯನ್ನು ಜನವರಿಯಲ್ಲಿಯೇ ನ್ಯೂಯಾರ್ಕಿಗೆ ತಂತಿಯಲ್ಲಿ ತಿಳಿಸಿದ್ದರು. ವಶಪಡಿಸಿಕೊಳ್ಳಲು ಅಪ್ಪಣೆ ಸಿಗಲಿಲ್ಲ. ಏಪ್ರಿಲ್ 7ರಂದು ಬೆಲ್ಜಿಯಂ ದೇಶದ 10 ಸೈನಿಕರು ಕೊಲೆಯಾದರು. ಬೆಲ್ಜಿಯಂ ತನ್ನವರನ್ನು ಕರೆಸಿಕೊಂಡಿತು. ಏಪ್ರಿಲ್ 21ರಂದು ಭದ್ರತಾ ಮಂಡಲಿ ಆ ಪಡೆಯನ್ನು 270ಕ್ಕೆ ಇಳಿಸಲು ನಿರ್ಣಯ ಮಾಡಿತು.

ಇದನ್ನು ದುರಂತವೆಂದು ಕರೆಯಲು ನಾನು ಒಪ್ಪೆ. ಹಿಂದಿನ ಅಕ್ಟೋಬರಿನಲ್ಲಿ ಸೊಮಾಲಿಯದ ಮೊಗದಿಶುವಿನಲ್ಲಿ 18 ಮಂದಿ ಅಮೆರಿಕನ್ ಸೈನಿಕರು ಸತ್ತಿದ್ದರು, ಆ ಭಯ ಇತ್ತೆಂಬುದೇನೋ ನಿಜ. ಆದರೆ ಎರಡು ಒಳಿತುಗಳನ್ನು ತೂಗಿ ನೋಡಿ, ಒಂದನ್ನು ಬಿಡಬೇಕಾಗಿ ಬಂದು ನೊಂದವರು ಅಲ್ಲಿ ಕಾಣುವುದಿಲ್ಲ. ‘ಜನಾಂಗಹತ್ಯೆ’ ಎಂಬ ಪದವನ್ನು ಆಡಿದರೆ ಕರ್ತವ್ಯ ಮೈಮೇಲೆ ಬರುತ್ತದೆಂದು ವಾಷಿಂಗ್ಟನ್ನಿನ ಅಧಿಕಾರಿಗಳು ವಾರಗಟ್ಟಲೆ ಆ ಪದದ ಸುತ್ತ ಸುಳಿದಾಡಿದರು. ತಕ್ಕಡಿಯ ಒಂದು ತಟ್ಟೆಯನ್ನು ನೋಡಲೇ ಒಲ್ಲದವರಿಗೆ ಧರ್ಮಸಂಕಟವೆಲ್ಲಿಯದು? ಅಧ್ಯಕ್ಷ ಕ್ಲಿಂಟನ್ 1998ರ ಮಾರ್ಚಿನಲ್ಲಿ ರುವಾಂಡಕ್ಕೆ ಹೋಗಿ, ಮಾಡಬೇಕಾದಷ್ಟನ್ನು ಮಾಡಲಿಲ್ಲವೆಂದು ಒಪ್ಪಿಕೊಂಡರು. ಒಪ್ಪಿಕೊಂಡದ್ದು ಒಳ್ಳೆಯದೇ. ಆದರೂ ಅದು ಹೇಡಿತನದ ತಪ್ಪೊಪ್ಪಿಗೆ. ಅದಕ್ಕೆ ಗ್ರೀಕರ ಹೆಸರಿನ ಹೊದಿಕೆ ಬೇಡ.

ರುವಾಂಡದಿಂದ ಕಲಿತೆವೆಂದು 2005ರಲ್ಲಿ ಜಗತ್ತಿನ ಸರ್ಕಾರಗಳು ಕೂಡಿ ಒಂದು ತತ್ತ್ವವನ್ನು ಒಪ್ಪಿದವು: ತನ್ನ ಜನರನ್ನು ರಕ್ಷಿಸದ ಸರ್ಕಾರವಿದ್ದಲ್ಲಿ ಹೊರಗಿನವರಿಗೆ ರಕ್ಷಣೆಯ ಹೊಣೆ ಉಂಟು. 2011ರಲ್ಲಿ ಅದನ್ನು ಲಿಬಿಯದಲ್ಲಿ ಪ್ರಯೋಗಿಸಿದರು. ಬೆಂಗಾಜಿ ಉಳಿಯಿತು, ಗದ್ದಾಫಿ ಅಕ್ಟೋಬರ್ 20ರಂದು ಸತ್ತ, 2014ರಿಂದ ದೇಶ ಮತ್ತೆ ಅಂತರ್ಯುದ್ಧಕ್ಕೆ ಬಿತ್ತು, ಅಲ್ಲಿಂದ ಹೊರಬಿದ್ದ ಆಯುಧಗಳು ಮಾಲಿಯವರೆಗೆ ಹೋದವು. ಮಾರ್ಚ್ 17ರ ಆ ನಿರ್ಣಯಕ್ಕೆ 10 ಮತ ಬಂದಿದ್ದವು, 5 ದೇಶಗಳು ತಟಸ್ಥವಾಗಿದ್ದವು. ಐದರಲ್ಲಿ ನಮ್ಮದೂ ಒಂದು. ಆಮೇಲಿನ ಅನಾಹುತವನ್ನು ನೋಡಿ ನಮ್ಮ ತಾಟಸ್ಥ್ಯವನ್ನು ನಾವು ಮೆಚ್ಚಿಕೊಂಡೆವು. ಆ ದಿನ ಹತ್ತರ ಬದಲು ಎಂಟೇ ಮತ ಬಿದ್ದು ನಿರ್ಣಯ ಸೋತು, ಬೆಂಗಾಜಿಯಲ್ಲಿ ಕೊಲೆ ನಡೆದಿದ್ದರೆ ಆ ಲೆಕ್ಕದಲ್ಲಿ ನಮ್ಮ ಪಾಲೆಷ್ಟಾಗುತ್ತಿತ್ತೆಂದು ಕೇಳಿಕೊಂಡವರನ್ನು ನಾನು ಕಾಣೆ.

ನಿಜವಾದ ಧರ್ಮಸಂಕಟ ರುವಾಂಡದ ಕಥೆಯ ಎರಡನೆಯ ಭಾಗದಲ್ಲಿದೆ. ಪತ್ರಿಕೆಗಳು ಅದನ್ನು ಬಹುಬೇಗ ಮರೆತವು. 1994ರ ಜುಲೈ ತಿಂಗಳಲ್ಲಿ ತುತ್ಸಿಗಳ ಸೈನ್ಯ ಗೆದ್ದಿತು, ಹತ್ಯೆ ನಿಂತಿತು. ಸೋತ ಸರ್ಕಾರದವರು, ಅವರ ಸೈನಿಕರು, ಕೊಲೆಗಾರ ದಂಡಿನವರು ಹಳ್ಳಿಹಳ್ಳಿಯ ಹುಟು ಜನರನ್ನೂ ಹೊರಡಿಸಿಕೊಂಡು ಗಡಿ ದಾಟಿದರು. ನಾಲ್ಕೈದು ದಿನಗಳಲ್ಲಿ 8 ಲಕ್ಷಕ್ಕೆ ಕಡಮೆಯಿಲ್ಲದ ಜನ ಆಗ ಜೈರ್ ಎನ್ನಿಸಿಕೊಂಡಿದ್ದ ಕಾಂಗೋದ ಗೋಮಾ ಪಟ್ಟಣದ ಸುತ್ತ ಬಂದು ಬಿದ್ದರು. ಕೀವು ಸರೋವರದ ದಡ ಅದು. ಜ್ವಾಲಾಮುಖಿ ಉಗುಳಿದ್ದು ಆರಿ ಗಟ್ಟಿಯಾದ ಕರಿಯ ಕಲ್ಲುನೆಲ, ಗುದ್ದಲಿ ಇಳಿಯದು. ಪಾಯಖಾನೆಯ ಗುಂಡಿ ತೋಡುವಂತಿಲ್ಲ, ಹೆಣ ಹೂಳುವಂತಿಲ್ಲ. ಒಂದು ತಿಂಗಳಲ್ಲಿ ಕಾಲರಾದಿಂದಲೂ ಆಮಶಂಕೆಯಿಂದಲೂ ಸುಮಾರು 50,000 ಜನ ಸತ್ತರು. ಏಪ್ರಿಲಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದ ಜಗತ್ತು ಈಗ ವಿಮಾನಗಟ್ಟಲೆ ನೆರವು ಕಳಿಸಿತು.

ಕಾಲರಾ ಇಳಿದ ಮೇಲೆ ವೈದ್ಯರಿಗೂ ನೆರವಿನವರಿಗೂ ತಾವು ಯಾರ ನಡುವೆ ಇದ್ದೇವೆಂಬುದು ತಿಳಿಯತೊಡಗಿತು. ಶಿಬಿರಗಳಲ್ಲಿ ಜನ ತಮ್ಮ ಊರೂರಿನಂತೆಯೇ ಬೀಡುಬಿಟ್ಟಿದ್ದರು. ಊರಿನಲ್ಲಿ ಕೊಲೆಯ ಪಟ್ಟಿ ಹಿಡಿದು ನಡೆದ ಯಜಮಾನರೇ ಇಲ್ಲಿ ಧಾನ್ಯದ ಪಟ್ಟಿಯನ್ನೂ ಹಿಡಿದಿದ್ದರು. ಇಲ್ಲದ ತಲೆಗಳನ್ನು ಎಣಿಸಿ ಹೆಚ್ಚು ಪಡಿ ಪಡೆದು, ಮಿಕ್ಕದ್ದನ್ನು ಮಾರಿ ಸೈನ್ಯವನ್ನು ಸಾಕಿದರು. ಊರಿಗೆ ಹಿಂತಿರುಗುತ್ತೇನೆಂದವನನ್ನು ಬೆದರಿಸಿದರು, ಕೊಂದರು. ಅಲ್ಲಿಂದಲೇ ಗಡಿಯಾಚೆಗೆ ನುಗ್ಗಿ, ಬದುಕಿ ಉಳಿದಿದ್ದ ತುತ್ಸಿಗಳನ್ನೂ ಕೊಂದುಬಂದರು. ರುವಾಂಡದ ಒಳಗೆ ಉಳಿದವರಿಗೆ ಬಂದುದಕ್ಕಿಂತ ಬಹಳ ಹೆಚ್ಚಿನ ನೆರವು ಈ ಶಿಬಿರಗಳಿಗೆ ಹರಿಯುತ್ತಿತ್ತು. ಮನೆಮಂದಿಯನ್ನೆಲ್ಲ ಕಳೆದುಕೊಂಡ ಹೆಂಗಸು, ಅವರನ್ನು ಕೊಂದವನಿಗೆ ಗಡಿಯಾಚೆ ಊಟ ಹೊದಿಕೆ ಔಷಧ ಸಿಕ್ಕುತ್ತಿರುವುದನ್ನು ಕೇಳಬೇಕಾಯಿತು. ಶಿಬಿರದಲ್ಲಿ ಇದ್ದವರಲ್ಲಿ ಹೆಂಗಸರು ಮಕ್ಕಳೇ ಹೆಚ್ಚು ಎಂಬುದೂ ಅಷ್ಟೇ ನಿಜ.

ಏನು ಮಾಡಬೇಕು? ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಯ ಫ್ರೆಂಚ್ ಶಾಖೆ 1994ರ ನವೆಂಬರಿನಲ್ಲಿ ಹೊರಟುಹೋಯಿತು. ತಮ್ಮ ಗಂಜಿ ಔಷಧಗಳು ಇನ್ನೊಂದು ಹತ್ಯೆಗೆ ಬಂಡವಾಳವಾಗಬಾರದೆಂಬುದು ಅವರ ನಿಲುವು. ಅದೇ ಸಂಸ್ಥೆಯ ಬೆಲ್ಜಿಯಂ ಮತ್ತು ಹಾಲೆಂಡ್ ಶಾಖೆಗಳು, ರೋಗಿಯನ್ನು ಬಿಟ್ಟುಹೋಗಬಾರದು, ಇದ್ದುಕೊಂಡೇ ಕೂಗಬೇಕು ಎಂದು ಉಳಿದವು. 1995ರಲ್ಲಿ ಅವೂ ಹೊರಟವು. ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗ ಹೊರಡುವಂತಿರಲಿಲ್ಲ. ಅದರ ಮುಖ್ಯಸ್ಥೆ ಜಪಾನಿನ ಸದಾಕೊ ಒಗಾಟ, ಕೊಲೆಗಾರರನ್ನು ಮಿಕ್ಕವರಿಂದ ಬೇರ್ಪಡಿಸಲು ಒಂದು ಪಡೆಯನ್ನು ಕೊಡಿರೆಂದು ಕೇಳಿದರು. ಯಾವ ದೇಶವೂ ಕೊಡಲಿಲ್ಲ. ಕೊನೆಗೆ ಆಕೆ ಜೈರ್ ದೇಶದ 1,500 ಸೈನಿಕರಿಗೆ ಸಂಬಳ ಕೊಟ್ಟು ಕಾವಲಿಟ್ಟರು. ಇದ್ದುದರಲ್ಲಿ ಮಾಡಿದ್ದು ಅಷ್ಟು.

ಇಲ್ಲಿ ಹೇಡಿಗಳಿಲ್ಲ, ಮೂರ್ಖರೂ ಇಲ್ಲ. ಉಳಿದರೆ ಈ ಹೊತ್ತು ಮುಂದೆ ಮಲಗಿರುವ ಮಗು ಬದುಕುತ್ತದೆ, ಗಡಿಯಾಚೆ ಇನ್ನೂ ಹೆಸರು ತಿಳಿಯದ ಮಗು ಮುಂದೊಂದು ದಿನ ಸಾಯಬಹುದು. ಹೊರಟರೆ ಇದು ತಲೆಕೆಳಗು. ಬೇರೆ ಸಂಸ್ಥೆಗಳು ಹೇಗೂ ಉಳಿಯುತ್ತವೆಂಬ ಧೈರ್ಯದಿಂದ ಹೊರಟವರಿಗೆ ಹೊರಡುವುದು ಸುಲಭವಾಯಿತು ಎಂದು ಟೀಕಿಸಬಹುದು. ಉಳಿದವರಿಗೆ, ಯಾರಾದರೂ ಹೊರಟು ಪ್ರತಿಭಟಿಸುತ್ತಾರಲ್ಲ ಎಂಬ ಸಮಾಧಾನವಿದ್ದಿರಬಹುದು. ನನ್ನನ್ನು ಕೇಳಿದರೆ, ನನ್ನ ಮನಸ್ಸು ಉಳಿದವರ ಕಡೆಗೆ ವಾಲುತ್ತದೆ. ಕಾಯಿಲೆಯ ಮಗು ಯಾವ ಪಟ್ಟಿಯನ್ನೂ ಹಿಡಿದು ನಡೆದದ್ದಲ್ಲ. ಸೈನ್ಯ ಕಳಿಸಬೇಕಾದ ಸರ್ಕಾರಗಳು ತಮ್ಮ ಕೆಲಸ ಬಿಟ್ಟ ಮೇಲೆ ಅದರ ದಂಡವನ್ನು ಆ ಮಗುವಿನ ಮೇಲೆ ಹಾಕುವುದು ನನಗೆ ಕೂಡದು. ಹೀಗೆ ಹೇಳಿದ ಮಾತ್ರಕ್ಕೆ ಮನೆಮಂದಿಯನ್ನು ಕಳೆದುಕೊಂಡ ಆ ಹೆಂಗಸಿಗೆ ನಾನು ಉತ್ತರ ಕೊಟ್ಟಂತಾಗಲಿಲ್ಲ. ಆಕೆಗೆ ಕೊಡಬಹುದಾದ ಉತ್ತರ ನನ್ನಲ್ಲಿಲ್ಲ. ಆ ಶಿಬಿರಗಳಲ್ಲಿ ಕೊಬ್ಬಿದ ದಂಡಿನಿಂದ ಆಮೇಲೆ ಸತ್ತವರನ್ನು, ಉಳಿಯಬೇಕೆಂದ ನನ್ನಂಥವರ ಲೆಕ್ಕಕ್ಕೆ ಬರೆಯಬೇಕು.

ಲೆಕ್ಕ ಅಲ್ಲಿಗೂ ಮುಗಿಯುವುದಿಲ್ಲ. 1996ರ ಅಕ್ಟೋಬರಿನಲ್ಲಿ ರುವಾಂಡದ ಬೆಂಬಲ ಪಡೆದ ಬಂಡಾಯಗಾರರು ಗಡಿಯುದ್ದಕ್ಕೂ ಶಿಬಿರಗಳ ಮೇಲೆ ಬಿದ್ದರು. ಆ ಯುದ್ಧ ಮುಂದಿನ ವರ್ಷ ಜೈರ್‌ನ ಸರ್ಕಾರವನ್ನೇ ಉರುಳಿಸಿತು. ಅದರ ಹಿಂದೆ ಇನ್ನೊಂದು ಯುದ್ಧ 1998ರಿಂದ 2003ರವರೆಗೆ ನಡೆಯಿತು. ನಮ್ಮ ಭಾರತದ ಸೈನಿಕರು ವಿಶ್ವಸಂಸ್ಥೆಯ ನೀಲಿ ಟೋಪಿ ತೊಟ್ಟು ಗೋಮಾದಲ್ಲಿ ವರ್ಷಗಟ್ಟಲೆ ಕಾವಲಿದ್ದರು. 2025ರ ಜನವರಿಯಲ್ಲಿ ಮತ್ತೊಂದು ಬಂಡಾಯದ ಸೈನ್ಯ ಆ ಪಟ್ಟಣವನ್ನು ಹಿಡಿಯಿತು.

1996ರ ನವೆಂಬರ್ ನಡುವಿಗೆ, ಕೆಲವೇ ದಿನಗಳಲ್ಲಿ, 5 ಲಕ್ಷಕ್ಕೂ ಹೆಚ್ಚು ಜನ ಗಂಟುಮೂಟೆ ಹೊತ್ತು ಅದೇ ರಸ್ತೆಯಲ್ಲಿ ರುವಾಂಡಕ್ಕೆ ಹಿಂತಿರುಗಿದರು. ಮಿಕ್ಕವರನ್ನು, ಕೊಲೆಗಾರರನ್ನೂ ಅವರ ಹೆಂಡಿರು ಮಕ್ಕಳನ್ನೂ ಯಾವುದಕ್ಕೂ ಸೇರದವರನ್ನೂ, ಯುದ್ಧ ಪಶ್ಚಿಮದ ಕಾಡಿಗೆ ಅಟ್ಟಿತು. ಅವರ ರಕ್ಷಣೆಗೆಂದು ಕೆನಡದ ನೇತೃತ್ವದಲ್ಲಿ ಒಂದು ಪಡೆಯನ್ನು ಕಳಿಸಲು ಭದ್ರತಾ ಮಂಡಲಿ ನವೆಂಬರ್ 15ರಂದು ಒಪ್ಪಿಗೆ ಕೊಟ್ಟಿತ್ತು. ಜನ ಹಿಂತಿರುಗುವುದನ್ನು ನೋಡಿ, ಇನ್ನು ಪಡೆ ಏಕೆಂಬ ಮಾತು ಬಂತು. ಕಾಡಿನಲ್ಲಿ ಉಳಿದವರು ಎಷ್ಟು? ನಿರಾಶ್ರಿತರ ವಿಭಾಗ ಲಕ್ಷಗಳಲ್ಲಿ ಹೇಳಿತು. ಪಡೆ ಕಳಿಸಬೇಕಾಗಿದ್ದ ಸರ್ಕಾರಗಳು ಅಷ್ಟಿಲ್ಲವೆಂದವು. ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಕಾಣುವ ತಲೆಗಳ ಮೇಲೆ ವಾದ ನಡೆಯಿತು. ಡಿಸೆಂಬರಿನಲ್ಲಿ ಪಡೆಯ ಯೋಜನೆಯನ್ನು ಕೈಬಿಟ್ಟರು. ಎಣಿಕೆಗೆ ಸಿಗದವರು ಆ ಹೊತ್ತಿಗೆ ಕಿಸಾಂಗಾನಿಯ ಕಡೆಗೆ, ಕಾಡಿನೊಳಗೆ, ಇನ್ನೂ ನಡೆಯುತ್ತಲೇ ಇದ್ದರು.